ಮರದ ಊರಿನ ಜನಕ್ಕೆ ಮಾತು ಬರುತ್ತಿರಲಿಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಪತ್ರದ ಕೊನೆಯ ಸಾಲು ತಲೆಯಲ್ಲಿ ಕೂತುಬಿಟ್ಟಿದೆ. "ಅಷ್ಟು ಚೆನ್ನಾಗಿ ಮಾತಾಡುತ್ತೆ ಅಂದಮೇಲೆ ಅದರೊಳಗೆ ಏನೋ ಇರಲೇಬೇಕಲ್ವಾ?" ಅಂತ ಕೇಳಿದ್ದೀಯ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಎಐ ಜೊತೆ ಹರಟುತ್ತಾ ಕೂರುತ್ತೀಯಂತೆ. ಹರಟು, ನನ್ನ ತಕರಾರೇನಿಲ್ಲ. ಆದರೆ ಈ ಪ್ರಶ್ನೆ ನಿನ್ನದೊಬ್ಬನದೇ ಅಲ್ಲ ಮಾರಾಯ, ಬಹಳ ಹಳೆಯದು. ನಮ್ಮ ಬಳಗದಲ್ಲಿ ಇನ್ನೂ ನಾಲ್ಕು ಜನ ಇದನ್ನೇ ಕೇಳುತ್ತಿದ್ದಾರೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಕಥಾಸರಿತ್ಸಾಗರ ಅನ್ನುವ ಹಳೆಯ ಸಂಸ್ಕೃತ ಕಥೆಗಳ ಪುಸ್ತಕದಲ್ಲಿ ಒಂದು ಊರು ಬರುತ್ತದೆ. ರಾಜಕುಮಾರ ನರವಾಹನದತ್ತ ದಾರಿಯಲ್ಲಿ ಅಲ್ಲಿಗೆ ಕಾಲಿಡುತ್ತಾನೆ. ಪೇಟೆ ಬೀದಿ ಇದೆ, ವ್ಯಾಪಾರಿಗಳಿದ್ದಾರೆ, ಹೆಂಗಸರಿದ್ದಾರೆ, ಓಡಾಡುವ ಜನರಿದ್ದಾರೆ. ಎಲ್ಲರೂ ಮರದವರು! ಜೀವ ಇದ್ದವರ ಹಾಗೆಯೇ ಕೈಕಾಲು ಆಡಿಸುತ್ತಾರೆ. ಮತ್ತೆ ಇವರು ಬೊಂಬೆಗಳು ಅಂತ ಅವನಿಗೆ ಗೊತ್ತಾಗಿದ್ದು ಹೇಗೆ? ಯಾರೂ ಮಾತಾಡುತ್ತಿರಲಿಲ್ಲ. ಮಾತಿಲ್ಲ, ಆದ್ದರಿಂದ ಜೀವವಿಲ್ಲ. ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ರಾಣಿ ಸೂರ್ಯಮತಿಗೆ ಹೇಳಿದ ಕಥೆ ಇದು. ಇದರ ಬೇರು ಗುಣಾಢ್ಯನ ಬೃಹತ್ಕಥೆಯಲ್ಲಿದೆ. ನಮ್ಮ ಗಂಗರ ದೊರೆ ದುರ್ವಿನೀತ ಆ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದಿದ್ದ ಅಂತ ಶಾಸನ ಹೇಳುತ್ತದೆ. ಅಂದರೆ ಈ ಕಥೆಗಳ ದೊಡ್ಡ ಗಂಟು ನಮಗೆ ಪೂರ್ತಿ ಪರಕೀಯವೇನಲ್ಲ.

ಆ ಊರಿನಲ್ಲಿ ಜೀವ ಇರುವವನು ಒಬ್ಬನೇ. ಅರಮನೆಯಲ್ಲಿ ಕೂತಿರುವ ರಾಜ್ಯಧರ. ಅವನು ರಾಜನಲ್ಲ, ಕಾಂಚಿಯ ಬಡಗಿ. ಅವನ ಅಣ್ಣ ಪ್ರಾಣಧರನೂ ಅದೇ ಕಸುಬಿನವನು. ವೇಶ್ಯೆಯರ ಹಿಂದೆ ಬಿದ್ದು ಇದ್ದದ್ದೆಲ್ಲ ಕಳೆದ. ಆಮೇಲೆ ದಾರ ಕಟ್ಟಿದ ಯಂತ್ರದ ಹಂಸಗಳನ್ನು ಮಾಡಿದ. ರಾತ್ರಿ ಅವು ಕಿಟಕಿಯಿಂದ ರಾಜನ ಖಜಾನೆಗೆ ನುಗ್ಗಿ ಒಡವೆ ಕಚ್ಚಿಕೊಂಡು ಬರುತ್ತಿದ್ದವು. ಕಡೆಗೊಂದು ದಿನ ಹಂಸಗಳು ಸಿಕ್ಕಿಬಿದ್ದವು. ಅಣ್ಣ ತಮ್ಮ ಇಬ್ಬರೂ ಹಾರುವ ಯಂತ್ರ ಹತ್ತಿ ಪರಾರಿ. ಕಳ್ಳತನಕ್ಕೆ ಯಂತ್ರ ಬಳಸುವುದೂ ಇವತ್ತಿನ ಬುದ್ಧಿ ಅಲ್ಲ ನೋಡು.

ರಾಜ್ಯಧರ ಬಂದಿಳಿದದ್ದು ಜನರಿಲ್ಲದ ಊರಿಗೆ. ಅಲ್ಲಿ ಊಟ ಬಟ್ಟೆ ಎಲ್ಲ ಮನಸ್ಸಿನಲ್ಲಿ ನೆನೆದರೆ ಸಾಕು, ಬರುತ್ತಿತ್ತು. ಆದರೆ ಹೆಂಡತಿ, ಆಳುಕಾಳು ಮಾತ್ರ ಎಷ್ಟು ನೆನೆದರೂ ಬರಲಿಲ್ಲ. ಅದಕ್ಕೇ ಈ ಮರದ ಜನರನ್ನು ಮಾಡಿದೆ ಅನ್ನುತ್ತಾನೆ. ನನಗೆ ಈ ಜಾಗ ಬಹಳ ಇಷ್ಟ. ಊರೂರನ್ನೇ ಕಟ್ಟುವಷ್ಟು ಕೈಚಳಕ ಇರುವವನು. ಆದರೂ ಅವನ ಪೇಟೆಯಲ್ಲಿ ಒಂದು ಚೌಕಾಸಿಯ ದನಿ ಕೇಳುವುದಿಲ್ಲ.

ಹಾಗಂತ ಸೋಮದೇವನಿಗೆ ಮಾತಾಡುವ ಯಂತ್ರ ಹೊಳೆಯಲಿಲ್ಲ ಅಂದುಕೊಳ್ಳಬೇಡ. ಅದೇ ಪುಸ್ತಕದಲ್ಲಿ ಮಯನ ಮಗಳು ಸೋಮಪ್ರಭೆ ತನ್ನ ಗೆಳತಿಗೆ ತೋರಿಸಲು ಒಂದು ಬುಟ್ಟಿ ತುಂಬ ಯಂತ್ರದ ಬೊಂಬೆ ತರುತ್ತಾಳೆ. ಕೀಲು ಮುಟ್ಟಿದರೆ ಒಂದು ಹಾರಿಹೋಗಿ ಹೂಮಾಲೆ ತರುತ್ತದೆ, ಇನ್ನೊಂದು ನೀರು ತರುತ್ತದೆ, ಮತ್ತೊಂದು ಕುಣಿಯುತ್ತದೆ. ಒಂದು ಮಾತೂ ಆಡುತ್ತದೆ. ಇದೆಲ್ಲ ಹೇಗೆ ಅಂದರೆ ಅವಳ ವಿವರಣೆ ಹೀಗಿದೆ: ಪಂಚಭೂತಗಳಲ್ಲಿ ಒಂದೊಂದರಿಂದ ಒಂದೊಂದು ಬಗೆಯ ಯಂತ್ರ. ಮಣ್ಣಿನದು ಬಾಗಿಲು ಮುಚ್ಚುತ್ತದೆ, ಬೆಂಕಿಯದು ಜ್ವಾಲೆ ಕಾರುತ್ತದೆ, ಗಾಳಿಯದು ಓಡಾಡುತ್ತದೆ. ಸ್ಪಷ್ಟವಾಗಿ ಮಾತಾಡುವುದು ಆಕಾಶದ ಯಂತ್ರ. ಈಗ ನೀನು ಮಾತಾಡಿಸುವುದೂ ಕ್ಲೌಡಿನಲ್ಲೇ ಇದೆಯಲ್ಲ! ದಯವಿಟ್ಟು ಇದನ್ನು ಮಾತ್ರ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಬೇಡ. ತಮಾಷೆಗೆ ಹೇಳಿದ್ದು.

ಫಾರ್ವರ್ಡ್ ಅಂದಾಗ ನೆನಪಾಯಿತು. ಭೋಜರಾಜ ರೋಬೋಟ್ ಮಾಡಿದ್ದ ಅಂತ ಒಂದು ವಿಡಿಯೋ ಕಳಿಸಿದ್ದೆಯಲ್ಲ. ಧಾರಾ ನಗರದ ಭೋಜನ ಹೆಸರಿನಲ್ಲಿರುವ ಸಮರಾಂಗಣಸೂತ್ರಧಾರ ಅನ್ನುವ ವಾಸ್ತುಗ್ರಂಥದಲ್ಲಿ ಯಂತ್ರಗಳ ಬಗ್ಗೆ ಒಂದು ಅಧ್ಯಾಯ ಇರುವುದು ನಿಜ. ದೀಪಕ್ಕೆ ಎಣ್ಣೆ ಹಾಕುವ ಬೊಂಬೆ, ಬಾಗಿಲು ಕಾಯುವ ಬೊಂಬೆ, ಪಾದರಸದ ಶಕ್ತಿಯಿಂದ ಹಾರುವ ಮರದ ಹಕ್ಕಿ, ಎಲ್ಲ ಬರುತ್ತವೆ. ಆದರೆ ಹೇಗೆ ಮಾಡುವುದು ಅಂತ ಪೂರ್ತಿ ಹೇಳಿಲ್ಲ. ಗುಟ್ಟು ಕಾಪಾಡುವುದಕ್ಕೆ ಹೇಳಿಲ್ಲ, ಗೊತ್ತಿಲ್ಲದೆ ಅಲ್ಲ ಅಂತ ಅಲ್ಲೇ ಒಂದು ಶ್ಲೋಕ ಇದೆ. ಈಗಿನ ಕಂಪನಿಗಳೂ ಹೀಗೇ ಅಲ್ವಾ ಹೇಳುವುದು? ಹಾರುವ ಹಕ್ಕಿಯನ್ನು ನಾನು ನಂಬುವುದಿಲ್ಲ. ನಂಬುವುದು ಒಳ್ಳೆಯ ಯಂತ್ರದ ಗುಣಗಳನ್ನು ಎಣಿಸುವ ಭಾಗವನ್ನು. ಸದ್ದು ಬೇಡದ ಕಡೆ ಸದ್ದು ಬರಬಾರದು, ಬೇಕಾದ ಕಡೆ ಬರಬೇಕು, ಕೀಲು ಸಡಿಲವೂ ಆಗಬಾರದು, ಬಿಗಿಯೂ ಆಗಬಾರದು ಅನ್ನುತ್ತದೆ. ಇದು ಕೆಲಸ ಮಾಡಿ ಕೈ ಸುಟ್ಟುಕೊಂಡವರ ಮಾತು.

ಮಜಾ ಏನು ಗೊತ್ತಾ? ಬತ್ತೀಸ ಪುತ್ಥಳಿ ಕಥೆಯಲ್ಲಿ ವಿಕ್ರಮಾದಿತ್ಯನ ಸಿಂಹಾಸನ ಹತ್ತಲು ಹೋಗಿ ಬೊಂಬೆಗಳ ಕೈಯಲ್ಲಿ ಬೈಸಿಕೊಳ್ಳುವವನೂ ಇದೇ ಭೋಜ. ಅಲ್ಲಿ ಬೊಂಬೆಗಳು ಮೆಟ್ಟಿಲು ಮೆಟ್ಟಿಲಿಗೂ ಮಾತಾಡುತ್ತವೆ. ಆದರೆ ಕೊನೆಗೆ ಗುಟ್ಟು ಹೊರಬೀಳುತ್ತದೆ. ಅವು ಬರೀ ಬೊಂಬೆಗಳಲ್ಲ, ಶಾಪ ತಗುಲಿದ ದೇವಕನ್ನೆಯರು. ಮರವೋ ಕಲ್ಲೋ ತಾನಾಗಿಯೇ ಮಾತಾಡಿತು ಅನ್ನುವುದಕ್ಕೆ ಕಥೆ ಹೇಳುವವರಿಗೂ ಮನಸ್ಸು ಒಪ್ಪಲಿಲ್ಲ. ನಿನ್ನ "ಒಳಗೆ ಏನೋ ಇರಲೇಬೇಕು" ಇದೇ.

ಬೇರೆ ದೇಶದವರೂ ಇಲ್ಲಿಯೇ ಗೆರೆ ಎಳೆದರು. ಯಹೂದಿಗಳ ಧರ್ಮಗ್ರಂಥ ತಾಲ್ಮೂದಿನಲ್ಲಿ ರಾವಾ ಎಂಬ ಪಂಡಿತ ಒಬ್ಬ ಮನುಷ್ಯನನ್ನು ಸೃಷ್ಟಿ ಮಾಡಿ ಝೇರಾ ಎಂಬ ಇನ್ನೊಬ್ಬ ಪಂಡಿತನ ಬಳಿಗೆ ಕಳಿಸುತ್ತಾನೆ. ಝೇರಾ ಮಾತಾಡಿಸುತ್ತಾನೆ. ಉತ್ತರ ಇಲ್ಲ. ಓಹೋ, ನೀನು ನಮ್ಮವರು ಮಾಡಿದವನು, ನಿನ್ನ ಮಣ್ಣಿಗೆ ವಾಪಸ್ಸು ಹೋಗು ಅನ್ನುತ್ತಾನೆ. ಅಷ್ಟೇ ಕಥೆ. ಎರಡು ಸಾಲು ದಾಟುವುದಿಲ್ಲ. ಇನ್ನು ಹೋಮರನ ಇಲಿಯಡ್‌ನಲ್ಲಿ ಕುಂಟ ಕಮ್ಮಾರ ದೇವರು ಹೆಫೈಸ್ಟಸ್‌ಗೆ ಚಿನ್ನದ ದಾಸಿಯರಿದ್ದಾರೆ. ಅವರಿಗೆ ಬುದ್ಧಿ ಇದೆ, ದನಿ ಇದೆ, ಬಲ ಇದೆ ಅಂತ ಕವಿ ಹೇಳುತ್ತಾನೆ. ಆದರೆ ಕಾವ್ಯದಲ್ಲಿ ಅವರ ಬಾಯಿಂದ ಒಂದು ಮಾತೂ ಆಡಿಸುವುದಿಲ್ಲ. ದೇವರ ತೋಳು ಹಿಡಿದು ನಡೆಸುವುದಷ್ಟೇ ಅವರ ಕೆಲಸ.

ಕೈಯಾರೆ ಯಂತ್ರ ಮಾಡಿದವರಿಗೆ ಈ ಚಿಂತೆ ಇರಲಿಲ್ಲ. 1ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಒಂದು ಪುಟ್ಟ ಬೊಂಬೆಯಾಟದ ಬಂಡಿಯ ವಿವರ ಬರೆದಿಟ್ಟಿದ್ದಾನೆ. ಒಂದು ಕೊಳವೆಯೊಳಗೆ ಸಾಸಿವೆಯಂಥ ನುಣುಪಾದ ಕಾಳು. ಅದರ ಮೇಲೆ ಸೀಸದ ತೂಕ. ಕಾಳು ತೂತಿನಿಂದ ಸುರಿದಂತೆ ತೂಕ ಕೆಳಗಿಳಿಯುತ್ತದೆ, ಅದಕ್ಕೆ ಕಟ್ಟಿದ ಹಗ್ಗ ಅಚ್ಚನ್ನು ತಿರುಗಿಸುತ್ತದೆ. ಅಚ್ಚಿನ ಗೂಟಕ್ಕೆ ಹಗ್ಗವನ್ನು ಹೇಗೆ ಸುತ್ತಿದ್ದೀವಿ ಅನ್ನುವುದರ ಮೇಲೆ ಬಂಡಿ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಹಗ್ಗ ಸುತ್ತುವುದೇ ಪ್ರೋಗ್ರಾಂ! ಪ್ರೇಕ್ಷಕರು ಬಾಯಿಬಿಟ್ಟು ನೋಡಿದರೆ ಅವನಿಗೆ ಸಾಕಿತ್ತು.

ಆಮೇಲೆ 1637ರಲ್ಲಿ ಫ್ರಾನ್ಸಿನ ದೇಕಾರ್ತ್ ಇದೇ ಗೆರೆಯನ್ನು ತತ್ವಶಾಸ್ತ್ರದಲ್ಲಿ ಎಳೆದ. ಯಂತ್ರ ಕೆಲವು ಪದ ಉಲಿಯಬಹುದು, ಒಂದು ಕಡೆ ಮುಟ್ಟಿದರೆ ಅಯ್ಯೋ ಅಂತ ಕೂಗಲೂಬಹುದು, ಆದರೆ ಎದುರಿಗಿರುವವನು ಏನೇ ಹೇಳಿದರೂ ಅದಕ್ಕೆ ತಕ್ಕ ಹಾಗೆ ಮಾತು ಜೋಡಿಸಿ ಉತ್ತರ ಕೊಡಲಾರದು ಅಂದ. ತೀರಾ ದಡ್ಡನೂ ಅಷ್ಟು ಮಾಡಬಲ್ಲ ಅಂದ. 1950ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಟ್ಯೂರಿಂಗ್ ಇದನ್ನೇ ತಿರುವಿ ಹಾಕಿ, ಹಾಗೆ ಉತ್ತರ ಕೊಟ್ಟರೆ ಆಗ ಏನು ಹೇಳುತ್ತೀರಿ ಅಂತ ಕೇಳಿದ. ಈಗ ನಿನ್ನ ಫೋನು ಉತ್ತರ ಕೊಡುತ್ತಿದೆ. ಅದೂ ಕನ್ನಡದಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ, ಈ ಪರೀಕ್ಷೆ ಮೊದಲಿಂದಲೂ ವಕ್ರವಾಗಿತ್ತು. ನಮ್ಮ ಬೀದಿಯ ಟೈಲರ್ ನೆನಪಿದ್ದಾನಲ್ಲ, ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದವನು. ನಮ್ಮ ಮೇಷ್ಟ್ರ ನಡಿಗೆಯನ್ನು ಅಣಕಿಸಿ ಇಡೀ ಬೀದಿಯನ್ನೇ ನಗಿಸುತ್ತಿದ್ದ. ಅಳತೆ ತಗೊಳ್ಳುವಾಗ ನಿನ್ನ ಹೊಟ್ಟೆ ನೋಡಿ ಹುಬ್ಬು ಹಾರಿಸುತ್ತಿದ್ದ. ಅವನೊಳಗೆ ಮನಸ್ಸಿಲ್ಲ ಅಂತ ಯಾರಾದರೂ ಅಂದುಕೊಂಡರೇ? ಝೇರಾನ ಮನೆ ಬಾಗಿಲಿಗೆ ಅವನು ಹೋಗಿದ್ದರೆ ಗತಿ ಏನಾಗುತ್ತಿತ್ತು! ದೇಕಾರ್ತನಿಗೆ ಈ ತೊಡಕು ಗೊತ್ತಿತ್ತು, ಮಾತು ಬಾರದವರು ಸನ್ನೆಗಳನ್ನು ಕಟ್ಟಿಕೊಳ್ಳುತ್ತಾರೆ ಅಂತ ಸೇರಿಸಿದ. ಮಾತಿಲ್ಲದ ಕಡೆ ಮನಸ್ಸು ಇರಬಹುದು ಅಂದಮೇಲೆ, ಮನಸ್ಸಿಲ್ಲದ ಕಡೆಯೂ ಮಾತು ಇರಬಹುದು. ಇಷ್ಟು ದಿನ ಹೆಚ್ಚಾಗಿ ಎರಡೂ ಒಟ್ಟಿಗೇ ಬರುತ್ತಿದ್ದವು, ಬಿಡಿಸಿ ನೋಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ.

ಇದಕ್ಕಿಂತ ಚೀನಾದ ಲಿಯೆಝಿ ಗ್ರಂಥದ ರಾಜ ಮೂ ನನಗೆ ಜಾಸ್ತಿ ಹಿಡಿಸುತ್ತಾನೆ. ಯಾನ್ ಶಿ ಎಂಬ ಕುಶಲಕರ್ಮಿ ಅವನ ಮುಂದೆ ಒಂದು ಆಳನ್ನು ತಂದು ನಿಲ್ಲಿಸುತ್ತಾನೆ. ಗದ್ದ ಒತ್ತಿದರೆ ರಾಗವಾಗಿ ಹಾಡುತ್ತದೆ, ಕೈ ಎತ್ತಿದರೆ ತಾಳಕ್ಕೆ ಕುಣಿಯುತ್ತದೆ. ಆಟ ಮುಗಿಯುವಾಗ ರಾಜನ ಹೆಂಗಸರ ಕಡೆ ಕಣ್ಣು ಹೊಡೆಯುತ್ತದೆ. ರಾಜ ಕೆರಳಿ, ತಂದವನನ್ನೇ ಕೊಲ್ಲಿಸಲು ಹೊರಟ. ಯಾನ್ ಶಿ ಗಾಬರಿಯಿಂದ ಅದನ್ನು ಅಲ್ಲೇ ಬಿಚ್ಚಿ ಹರವಿದ. ಚರ್ಮ, ಮರ, ಅಂಟು, ಅರಗು, ಬಣ್ಣ. ರಾಜನ ಸಿಟ್ಟು ಕುತೂಹಲಕ್ಕೆ ತಿರುಗಿತು. ಮತ್ತೆ ಜೋಡಿಸಿ ಒಂದೊಂದೇ ತೆಗೆದು ನೋಡಿದ. ಹೃದಯ ತೆಗೆದರೆ ಬಾಯಿ ಮಾತಾಡಲಿಲ್ಲ, ಪಿತ್ತಜನಕಾಂಗ ತೆಗೆದರೆ ಕಣ್ಣು ಕಾಣಲಿಲ್ಲ, ಮೂತ್ರಪಿಂಡ ತೆಗೆದರೆ ಕಾಲು ನಡೆಯಲಿಲ್ಲ. ನಿಟ್ಟುಸಿರು ಬಿಟ್ಟು, ಮನುಷ್ಯನ ಕೈಕೆಲಸ ಸೃಷ್ಟಿಕರ್ತನ ಸರಿಸಮ ನಿಲ್ಲಬಹುದೇ ಅಂದ. ಅದನ್ನು ಗಾಡಿಗೆ ಹೇರಿಸಿಕೊಂಡು ಊರಿಗೆ ಹೋದ.

ಎಐ ಸಂಶೋಧಕರು ಇವತ್ತು ಮಾಡುವ ಒಂದು ಕೆಲಸ ಹೆಚ್ಚುಕಮ್ಮಿ ಇದೇ. ನರಜಾಲದ, ಅಂದರೆ ಎಐ ಒಳಗಿನ ಲೆಕ್ಕದ ಜಾಲದ, ಒಂದು ತುಣುಕನ್ನು ಸುಮ್ಮನಾಗಿಸಿ, ಯಾವ ಸಾಮರ್ಥ್ಯ ಹೋಯಿತು ಅಂತ ನೋಡುತ್ತಾರೆ. ಒಳಗೆ ಇರುವುದು ಚರ್ಮ ಅರಗಿನ ಬದಲು ಕೋಟಿಗಟ್ಟಲೆ ಸಂಖ್ಯೆಗಳು. ಅಲ್ಲಿ "ಏನೋ" ಇದೆಯೋ ಇಲ್ಲವೋ ಅನ್ನುವುದನ್ನು ಅವರು ಬಿಚ್ಚಿ ನೋಡಿ ಹೇಳಲಿ, ಕೇಳೋಣ. ಅದು ಎಷ್ಟು ಸೊಗಸಾಗಿ ಮಾತಾಡಿತು ಅನ್ನುವುದನ್ನು ಮಾತ್ರ ನನ್ನೆದುರು ಸಾಕ್ಷಿಗೆ ತರಬೇಡ.

ಹಬ್ಬಕ್ಕೆ ಬರುತ್ತೀಯಲ್ಲ, ಉಳಿದ ಜಗಳ ಆಗ. ನೀನು ತೆಗೆದುಕೊಂಡು ಹೋದ ನನ್ನ ಕಥಾಸರಿತ್ಸಾಗರವನ್ನೂ ಮರೆಯದೆ ತಾ. ರಾಜ್ಯಧರನ ಕಥೆಯನ್ನು ನೀನು ಓದೇ ಇಲ್ಲ ಅಂತ ನಿನ್ನ ಪತ್ರ ನೋಡಿದಾಗಲೇ ಗೊತ್ತಾಯಿತು.

ನಿನ್ನ,
ಹಳೇ ಗೆಳೆಯ