ಮುಂಗಾರು ಬರಿಯ ಕಡಲಗಾಳಿಯೇ?

ಮಾನ್ಯರೇ,

ನೆಲ ಕಾದು ಕಡಲಿನ ಗಾಳಿಯನ್ನು ಸೆಳೆಯುವುದರಿಂದಲೇ ಮುಂಗಾರು ಬರುತ್ತದೆ ಎಂದು, ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ 1686ರಲ್ಲಿ ಮಂಡಿಸಿದ ವಿಚಾರವನ್ನೇ ನಾವು ಇಂದಿಗೂ ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ. ಇಷ್ಟೇ ಆಗಿದ್ದರೆ ನೆಲ ಕುದಿಯುವ ಮೇ ತಿಂಗಳಲ್ಲೇ ಮಳೆ ಜೋರಾಗಬೇಕಿತ್ತು. ಬರದ ವರ್ಷಗಳಲ್ಲಂತೂ ನೆಲ ಇನ್ನಷ್ಟು ಕಾದಿರುತ್ತದೆ, ಮಳೆ ಮಾತ್ರ ಇರುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಅವರು ಹವಾಮಾನ ವಿಜ್ಞಾನಿ ಡಿ. ಆರ್. ಸಿಕ್ಕಾ ಅವರೊಡಗೂಡಿ ದಿನದಿನದ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ 1980ರಲ್ಲಿ ತೋರಿಸಿದಂತೆ, ಸಮಭಾಜಕ ವೃತ್ತದ ಬಳಿ ಹಿಂದೂ ಮಹಾಸಾಗರದ ಮೇಲೆ ಹುಟ್ಟುವ ಮೋಡಗಳ ಪಟ್ಟಿಯು ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿದು ಬಂದು ಮುಂಗಾರಿಗೆ ಮರುಜೀವ ಕೊಡುತ್ತದೆ.

ಈ ಮೋಡಗಳ ಶಕ್ತಿ ಸಾಮಾನ್ಯದ್ದಲ್ಲ. ಒಂದು ಕಿಲೊ ನೀರಾವಿ ಹನಿಗಟ್ಟುವಾಗ ಸುಮಾರು 25 ಲಕ್ಷ ಜೂಲ್ ಶಾಖ ಹೊರಬೀಳುತ್ತದೆ. ಆಗುಂಬೆಯ ಯಾವುದೋ ಅಂಗಳದ ಒಂದೇ ಚದರ ಮೀಟರಿನಲ್ಲಿ 100 ಮಿ.ಮೀ. ಮಳೆ ಸುರಿದರೆ (ಅಲ್ಲಿನವರಿಗೆ ಅದು ದೊಡ್ಡ ಮಳೆಯೇನಲ್ಲ) ಸುಮಾರು 70 ಯೂನಿಟ್ ವಿದ್ಯುತ್ತಿನಷ್ಟು ಶಾಖ ಮೇಲಿನ ಗಾಳಿಗೆ ಸೇರಿದೆ ಎಂದರ್ಥ. ಆ ಶಾಖದಿಂದ ಗಾಳಿ ಮೇಲೇರಿ, ಕೆಳಗೆ ಒತ್ತಡ ಕುಸಿದು, ಕಡಲಿನಿಂದ ಇನ್ನಷ್ಟು ತೇವ ಹರಿದು ಬರುತ್ತದೆ. ದೂರದ ಪೂರ್ವ ಮೆಡಿಟರೇನಿಯನ್ ಪ್ರದೇಶದ ಮೇಲೆ ಗಾಳಿ ಕೆಳಗಿಳಿದು ಅಲ್ಲಿನ ಬೇಸಿಗೆ ಒಣಗುವುದರಲ್ಲೂ ನಮ್ಮ ಮಳೆಯ ಈ ಶಾಖದ ಪಾಲಿದೆ.

ಪಠ್ಯಪುಸ್ತಕ ಪರಿಷ್ಕರಿಸುವವರು ನೆಲ-ಕಡಲಿನ ಬಾಣಗುರುತಿನ ಚಿತ್ರದ ಪಕ್ಕದಲ್ಲಿ ಜುಲೈ ತಿಂಗಳ ಒಂದು ಉಪಗ್ರಹ ಚಿತ್ರಕ್ಕೂ ಜಾಗ ಕೊಡಲಿ.

— ಓದುಗ, ಶಿವಮೊಗ್ಗ