ಈ ಸಲದ ಉಪ್ಪಾಗೆಗೆ ಹೊಗೆ ವಾಸನೆ ಇಲ್ಲ

ಪ್ರೀತಿಯ ಗ್ರಾಹಕರೇ,

ಹೊಸ ಒಣ ಉಪ್ಪಾಗೆ (ಅಡುಗೆಗೆ ಹುಳಿಯಾಗಿ ಹಾಕುವ ಕಾಡುಹಣ್ಣಿನ ಸಿಪ್ಪೆ) ಪ್ಯಾಕೆಟ್ ಬಿಚ್ಚಿದ ಕೆಲವರು ಫೋನ್ ಮಾಡಿದ್ದರು. "ಇದು ಅಸಲೀನಾ? ಕಪ್ಪಗೂ ಇಲ್ಲ, ಹೊಗೆ ವಾಸನೆಯೂ ಇಲ್ಲ" ಅಂತ. ಅಸಲಿಯೇ. ನಾವು ಒಣಗಿಸುವ ರೀತಿ ಬದಲಾಯಿಸಿದ್ದೇವೆ.

ನಮ್ಮ ಶಿರಸಿ, ಸಿದ್ದಾಪುರ ಕಡೆ ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಮುರುಗಲು (ಕೋಕಂ) ಹಾಗಲ್ಲ, ಬೇಸಿಗೆಯ ಹಣ್ಣು, ಅಂಗಳದಲ್ಲಿ ಹರವಿದರೆ ಆಯ್ತು. ಉಪ್ಪಾಗೆ ಸಿಪ್ಪೆಗೆ ಬೆಂಕಿಯೇ ಬೇಕು. ಇಷ್ಟು ವರ್ಷ ಅಟ್ಟದ ಮೇಲೆ ಸಿಪ್ಪೆ ಹರವಿ, ಕೆಳಗೆ ಹಗಲೂ ರಾತ್ರಿ ಸೌದೆ ಉರಿಸುತ್ತಿದ್ದೆವು. ಒಂದು ಕಾಡುಮರದ ಹಣ್ಣಿನ ಸಿಪ್ಪೆ ಒಣಗಿಸಲು ಇನ್ನೊಂದು ಕಾಡುಮರ ಸುಡುವುದು! ಬೆಂಕಿ ಕಾಯುವ ಹೆಂಗಸರ ಕಣ್ಣು ಮಳೆಗಾಲವಿಡೀ ಕೆಂಪಗೆ. ಈಗ ತಂದಿರುವ ಡ್ರೈಯರ್‌ನಲ್ಲಿ ಹೊಗೆ ಕೊಳವೆ ಹಿಡಿದು ಹೊರಗೆ ಹೋಗುತ್ತದೆ, ಸಿಪ್ಪೆಗೆ ಬಿಸಿಗಾಳಿ ಮಾತ್ರ. ಸೌದೆಯೂ ಕಡಿಮೆ ಸಾಕು. ಹುಳಿ ಅಷ್ಟೇ ಇದೆ. ಮೀನು ಸಾರಿಗೆ ಹೊಗೆಯ ರುಚಿಯೇ ಬೇಕು ಅನ್ನುವವರಿಗೆ ಮಾತ್ರ ಬೇಜಾರಾಗಬಹುದು.

ಸರಕು ತಡವಾಗಿ ಬಂತು, ಕಡಿಮೆಯೂ ಇದೆ. ಅದಕ್ಕೂ ಕಾರಣವಿದೆ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆಂದು ಹೊರದೇಶಗಳಿಂದ ಉಪ್ಪಾಗೆಗೆ ಬೇಡಿಕೆ ಬಂತು. ನಾವು ಬಿಟ್ಟರೆ ಬೇರೆಯವರು ಕೊಯ್ತಾರೆ ಅಂತ ಜನ ಹಸಿರು ಕಾಯಿಗೇ ಕೈ ಹಾಕಿದರು, ಕೆಲವು ಕಡೆ ಕೊಂಬೆ ಸಮೇತ. ಬಲಿಯದ ಬೀಜದಿಂದ ಸಸಿ ಏಳುವುದು ಹೇಗೆ? ಸಿಂಗಳೀಕಕ್ಕೂ ತಿನ್ನಲು ಉಳಿಯುವುದಿಲ್ಲ. ಈ ವರ್ಷದಿಂದ ನಾವು ತೆಗೆದುಕೊಳ್ಳುವುದು ಹಳದಿಯಾದ ಹಣ್ಣು, ಉದುರಿದ ಹಣ್ಣು ಮಾತ್ರ. (ತೂಕ ಇಳಿಯುತ್ತಾ ಅಂತ ಕೇಳುವವರಿಗೆ: 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 12 ವಾರಗಳ ಪರೀಕ್ಷೆಯಲ್ಲಿ, ಉಪ್ಪಾಗೆ ಸಾರದ ಮಾತ್ರೆ ನುಂಗಿದವರಿಗೂ ಸುಮ್ನೆ ಖಾಲಿ ಮಾತ್ರೆ ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾವು ಹುಳಿಗೆಂದೇ ಮಾರುತ್ತೇವೆ.)

ಬೆಲೆ ಸ್ವಲ್ಪ ಜಾಸ್ತಿಯಾಗಿದೆ. ಆ ಜಾಸ್ತಿ ದುಡ್ಡು ಹಣ್ಣು ತಂದವರಿಗೆ, ತೂಕ ಹಾಕಿದ ದಿನವೇ ಕೈಗೆ. ಮಳೆಗಾಲದಲ್ಲಿ ಕೂಲಿ ಕೆಲಸ ಕಡಿಮೆ. ಅಕ್ಕಿಗೆ ದುಡ್ಡಿಲ್ಲದಾಗ ಗುತ್ತಿಗೆದಾರರ ಮುಂಗಡ ತೆಗೆದುಕೊಂಡವರು ಕಾಯಿ ಹಣ್ಣಾಗುವ ತನಕ ಕಾಯಲು ಆಗುತ್ತಿರಲಿಲ್ಲ.

ಬಲಿತ ಹಣ್ಣಿನಿಂದ ಇನ್ನೊಂದು ಲಾಭವಾಯ್ತು. ಬೀಜ ಒಳ್ಳೆಯದು ಸಿಕ್ಕಿದೆ, ಅದರಿಂದ ಉಪ್ಪಾಗೆ ತುಪ್ಪ (ಬೀಜದ ಕೊಬ್ಬು) ತೆಗೆಸಿದ್ದೇವೆ. ಅಜ್ಜಿಯಂದಿರು ದೋಸೆಗೆ ಹಾಕುತ್ತಿದ್ದರಲ್ಲ, ಅದೇ. ಸ್ವಲ್ಪವೇ ಇದೆ.

ಹೊಗೆ ಹಾಕಿದ ಹಳೇ ಸರಕು ಕೆಲವು ಪ್ಯಾಕೆಟ್ ಉಳಿದಿವೆ. ಬೇಕಿದ್ದರೆ ಆರ್ಡರ್‌ನಲ್ಲಿ "ಹಳೇದು" ಅಂತ ಬರೆಯಿರಿ. ಹೊಸದು ಹಿಡಿಸದಿದ್ದರೆ, ಪ್ಯಾಕೆಟ್ ಬಿಚ್ಚಿದ್ದರೂ ಪರವಾಗಿಲ್ಲ, ವಾಪಸ್ ಕಳಿಸಿ.

ನಿಮ್ಮ,
ಸಂಘದ ಮಾರಾಟ ವಿಭಾಗ