ಪ್ರಾಣಿ ನೀತಿಶಾಸ್ತ್ರದ ವಿದ್ವಾಂಸರಿಗೆ ಬೆಂಗಳೂರಿನಲ್ಲಿ ನೆಲೆ ಬೇಕು: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ನಮಸ್ಕಾರಗಳು.

ಬೆಂಗಳೂರಿನ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಣಿ ನೀತಿಶಾಸ್ತ್ರಕ್ಕೆಂದೇ, ಅಂದರೆ ಪ್ರಾಣಿಗಳ ವಿಷಯದಲ್ಲಿ ನಮ್ಮ ನಡತೆ ಹೇಗಿರಬೇಕೆಂದು ವಿಚಾರಿಸುವ ಶಾಸ್ತ್ರಕ್ಕೆಂದೇ, ಒಂದು ವಿಭಾಗ ತೆರೆದು ಅದಕ್ಕೆ ಕಾಯಂ ಹುದ್ದೆಗಳನ್ನು ಮಂಜೂರು ಮಾಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಈ ನಗರದ ಪದವಿ ಕಾಲೇಜುಗಳಲ್ಲಿ ಬಹುಕಾಲ ತತ್ತ್ವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಇದನ್ನು ಪ್ರಾಣಿಪ್ರಿಯರ ಮನವಿಯೆಂದು ಭಾವಿಸಿ ಪಶುಸಂಗೋಪನಾ ಇಲಾಖೆಗೆ ವರ್ಗಾಯಿಸದಿರಲು ವಿನಂತಿ, ಏಕೆಂದರೆ ನಾನು ಕೇಳುತ್ತಿರುವುದು ಅಧ್ಯಾಪಕರನ್ನು.

ನಮ್ಮ ಬೀದಿನಾಯಿ, ಹಸು, ಆಡುಕುರಿಗಳೊಡನೆ ನಾವು ಬದುಕುವ ರೀತಿಯನ್ನು ಆಳವಾಗಿ ಅಭ್ಯಾಸ ಮಾಡಿದ ವಿದ್ವಾಂಸರಲ್ಲಿ ಅನೇಕರು ಎಲ್ಲಿ ಕುಳಿತು ಕೆಲಸ ಮಾಡುತ್ತ ಬಂದಿದ್ದಾರೆಂಬುದನ್ನು ತಾವು ಗಮನಿಸಬೇಕು. ಬೀದಿನಾಯಿಗಳ ಬಗ್ಗೆ ಚೆನ್ನೈಯಲ್ಲಿ ಸಂಶೋಧನೆ ನಡೆಸಿದ ಕೃತಿಕಾ ಶ್ರೀನಿವಾಸನ್ ಎಡಿನ್‌ಬರಾದಲ್ಲಿ, ಹೈನುಗಾರಿಕೆಗೂ ಕಸಾಯಿಖಾನೆಗೂ ನಡುವಿನ ನಂಟನ್ನು ಬಿಡಿಸಿ ತೋರಿಸಿದ ಯಾಮಿನಿ ನಾರಾಯಣನ್ ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದಲ್ಲಿ, ಉತ್ತರಾಖಂಡದ ಹಳ್ಳಿಗಳಲ್ಲಿ ಜನರೂ ಪ್ರಾಣಿಗಳೂ ಕೂಡಿ ಬಾಳುವುದನ್ನು ಅಧ್ಯಯನ ಮಾಡಿದ ರಾಧಿಕಾ ಗೋವಿಂದರಾಜನ್ ಅಮೆರಿಕದ ಸಿಯಾಟಲ್‌ನಲ್ಲಿ, ಭಾರತದ ಪ್ರಾಣಿದಯಾ ಕಾರ್ಯಕರ್ತರ ಬಗ್ಗೆ ಬರೆದ ನೈಸರ್ಗಿ ದವೆ ಟೊರಾಂಟೊದಲ್ಲಿ. ಅವರು ಹೊರಗೆ ಹೋದದ್ದು ತಪ್ಪಲ್ಲ. ಆದರೆ ಇದೇ ವಿಷಯದಲ್ಲಿ ಪಿಎಚ್‌.ಡಿ. ಮಾಡಬೇಕೆಂದು ಬರುವ ನಮ್ಮ ವಿದ್ಯಾರ್ಥಿಗೆ ಮಾರ್ಗದರ್ಶಕರನ್ನು ಹುಡುಕಿಕೊಡುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.

ಪ್ರಾಣಿಗಳನ್ನು ಬಲ್ಲವರು ಬೆಂಗಳೂರಿನಲ್ಲಿ ಇಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಸುಕುಮಾರ್ ಆನೆಗಳ ಬಗ್ಗೆ, ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಅನಿಂದ್ಯ ಸಿನ್ಹಾ ಕೋತಿಗಳ ಬಗ್ಗೆ ಮಾಡಿದ ಕೆಲಸ ಜಗತ್ತಿಗೆ ಗೊತ್ತು. ಆದರೆ ಪ್ರಾಣಿ ಹೇಗೆ ಬದುಕುತ್ತದೆ ಎಂದು ತಿಳಿಯುವುದು ಒಂದು ಕೆಲಸ. ಅದರ ವಿಷಯದಲ್ಲಿ ನಾವು ಹೇಗೆ ನಡೆದುಕೊಳ್ಳಬೇಕೆಂದು ವಿಚಾರಿಸುವುದು ಇನ್ನೊಂದು. ಎರಡನೆಯದಕ್ಕೂ ಅಷ್ಟೇ ಶಿಸ್ತು ಬೇಕು, ಓದು ಬೇಕು, ಪ್ರತಿವಾದ ಬೇಕು.

ಆ ಶಿಸ್ತು ಎಂಥದೆಂಬುದಕ್ಕೆ ನಮ್ಮದೇ ಕಂಬಳವನ್ನು ನೋಡಬಹುದು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟಿನ ಕಾನೂನಿನ ಜೊತೆಗೆ ಅದನ್ನೂ ಎತ್ತಿಹಿಡಿಯಿತು. ಇಂಥ ಆಚರಣೆ ಒಂದು ನಾಡಿನ ಸಂಸ್ಕೃತಿಯ ಭಾಗವೇ ಎಂಬುದನ್ನು ಶಾಸನಸಭೆಯೇ ನಿರ್ಧರಿಸಬೇಕೆಂಬ ನಿಲುವನ್ನು ಆ ತೀರ್ಪು ತಳೆಯಿತು. ಹಾಗಾದರೆ ವಿಚಾರದ ಭಾರ ವಿಧಾನಸೌಧದ ಮೇಲೆ ಬಿತ್ತೆಂದೇ ಅರ್ಥ. ಆ ಭಾರ ಹೊರಲು ಶಾಸಕರಿಗೆ ನೆರವಾಗುವವರು ಯಾರು?

ತತ್ತ್ವಜ್ಞಾನಿ ಪೀಟರ್ ಸಿಂಗರ್ ಅವರ ದಾರಿ ಹಿಡಿದವರು ನೋವುಣ್ಣಬಲ್ಲ ಪ್ರತಿ ಜೀವಿಯ ಹಿತವನ್ನೂ ಸಮನಾಗಿ ತೂಗಬೇಕೆನ್ನುತ್ತಾರೆ; ಕೋಣದ ಬೆನ್ನಿಗೆ ಬೀಳುವ ಬೆತ್ತದ ಪೆಟ್ಟು, ಓಟ ಮುಗಿದ ಮೇಲಿನ ಅದರ ಏದುಸಿರು ಒಂದು ಕಡೆ, ಸಾವಿರಾರು ಜನರ ಸಂಭ್ರಮ ಇನ್ನೊಂದು ಕಡೆ. ಇನ್ನೊಬ್ಬ ತತ್ತ್ವಜ್ಞಾನಿ ಟಾಮ್ ರೀಗನ್ ಅವರ ವಾದದಂತೆ ಈ ತೂಗಾಟವೇ ಸಲ್ಲದು. ತನ್ನದೇ ಬದುಕುಳ್ಳ ಪ್ರಾಣಿಯನ್ನು ಬೇರೆಯವರ ಸಂತೋಷಕ್ಕೆ ಸಾಧನವಾಗಿಸುವಂತಿಲ್ಲ. ಸಾಕುಪ್ರಾಣಿಗಳನ್ನು ಸಮಾಜದ ಸದಸ್ಯರೆಂದೇ ಎಣಿಸುವ ಸ್ಯೂ ಡೊನಾಲ್ಡ್‌ಸನ್ ಮತ್ತು ವಿಲ್ ಕಿಮ್ಲಿಕಾ ಅವರನ್ನು ಒಪ್ಪುವವರು, ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಿಸಿ ಸಾಕಿದ ಮನೆಯವರು ಆ ಕೋಣದಿಂದ ಯಾವ ಕೆಲಸ ಕೇಳಬಹುದು, ಅದರ ಅನಿಚ್ಛೆಯನ್ನು ಗುರುತಿಸುವುದು ಹೇಗೆ ಎಂದು ಕೇಳಬಹುದು. ಈ ಮೂರೂ ಒಂದೇ ಉತ್ತರಕ್ಕೆ ಕೊಂಡೊಯ್ಯುವುದಿಲ್ಲ. ಟಿವಿ ಚರ್ಚೆಗಳಲ್ಲಾದರೋ ನಮಗೆ ಸಂಸ್ಕೃತಿ ದ್ರೋಹಿ, ಪ್ರಾಣಿ ದ್ರೋಹಿ ಎಂಬ ಎರಡೇ ಬೈಗುಳಗಳು ಕೇಳಿಸುತ್ತವೆ.

ಬೀದಿನಾಯಿಗಳ ಮಾತಿನಲ್ಲಿ ಈ ಕೊರತೆ ಇನ್ನೂ ನೋವಿನದು. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಒಬ್ಬ ತಾಯಿ ಮಗನ ಮೀನಖಂಡದ ಗಾಯದ ಫೋಟೋವನ್ನೂ ಇಂಜೆಕ್ಷನ್ ಚೀಟಿಯನ್ನೂ ಎಲ್ಲರಿಗೆ ತೋರಿಸಿದರು. ಅದೇ ಬೀದಿಯಲ್ಲಿ ದಿನವೂ ಅನ್ನ ಹಾಕುವ ಮಹಿಳೆ, ಕಚ್ಚಿದ್ದು ಸಂತಾನಹರಣ ಚಿಕಿತ್ಸೆಯ ಗುರುತಾಗಿ ಕಿವಿ ಕತ್ತರಿಸಿದ ನಮ್ಮ ನಾಯಿಯಲ್ಲ, ಹೊಸದಾಗಿ ಬಂದದ್ದು ಎನ್ನುತ್ತ ಅತ್ತುಬಿಟ್ಟರು. ಪಾಲಿಕೆಯಿಂದ ಬಂದಿದ್ದವರು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ನಂತರ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂಬ 2023ರ ನಿಯಮವನ್ನು ಓದಿ ಹೇಳಿದರು. ಅವರು ಓದಿದ್ದು ಸರಿಯಾಗಿತ್ತು. ಆದರೂ ಆ ಇಬ್ಬರು ಹೆಂಗಸರಿಗೆ ಪರಸ್ಪರರ ಮೇಲೆ, ಇಬ್ಬರಿಗೂ ಆ ನಾಯಿಗಳ ಮೇಲೆ ಇರುವ ಹೊಣೆ ಏನೆಂದು ಬಿಡಿಸಿ ಹೇಳಬಲ್ಲವರು ಅಲ್ಲಿರಲಿಲ್ಲ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯತಾಣಗಳಲ್ಲಿ ಇಡಬೇಕೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ, ಬೀದಿಯಲ್ಲಿ ಬೆಳೆದ ಪ್ರಾಣಿಗೆ ಗೂಡಿನೊಳಗಿನ ಬದುಕು ಎಂಥದು ಎಂಬ ಪ್ರಶ್ನೆಯೂ ಸೇರಿಕೊಂಡಿದೆ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ (ಐಸರ್) ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುತ್ತ ಬಂದಿದೆ. ಅಂಥ ವಿಜ್ಞಾನವನ್ನೂ ನೀತಿವಿಚಾರವನ್ನೂ ಒಟ್ಟಿಗೆ ಕೂರಿಸುವ ಜಾಗ ನಮಗೆ ಬೇಕು.

ಪ್ರಯೋಗಾಲಯಗಳ ಮಾತೂ ಇದೆ. ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕೆಂಬ ನಿಯಮವಿದೆ. ಅದರಲ್ಲಿ ವಿಜ್ಞಾನಿಗಳಿಗೆ, ಪಶುವೈದ್ಯರಿಗೆ, ಸಾಮಾಜಿಕ ಅರಿವುಳ್ಳ ಒಬ್ಬ ಹೊರಗಿನವರಿಗೆ ಸ್ಥಾನವಿದೆ. ನೀತಿಶಾಸ್ತ್ರ ಓದಿದವರಿಗೆಂದು ಮೀಸಲಾದ ಸ್ಥಾನವಿಲ್ಲ. ನಿಯಮ ಕೇಂದ್ರದ್ದು, ನಿಜ. ಆದರೆ ಆ ಹೊರಗಿನ ಸದಸ್ಯರಾಗಿ ಕೂರಬಲ್ಲವರನ್ನು ತಯಾರು ಮಾಡುವುದು ರಾಜ್ಯದ ಕೈಯಲ್ಲಿದೆ.

ಇದು ಪಶ್ಚಿಮದಿಂದ ಬಂದ ವಿಷಯ, ನಮಗೇಕೆ ಎಂದು ತಮ್ಮ ಅಧಿಕಾರಿಗಳು ಟಿಪ್ಪಣಿ ಬರೆದಾರು. ಹದಿಮೂರನೆಯ ಶತಮಾನದಲ್ಲಿ ಜನ್ನ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಕೊಲ್ಲುವ ಸಂಕಲ್ಪಕ್ಕೆ ಫಲ ಉಣ್ಣಲೇಬೇಕಾಗುತ್ತದೆಂಬ ವಿಚಾರದ ಮೇಲೆ ಒಂದು ಕಾವ್ಯವನ್ನೇ ಕಟ್ಟಿದ. ಹಿಂಸೆ ಇರುವುದು ಪ್ರಾಣಿಯ ನೋವಿನಲ್ಲೋ ಮಾಡುವವನ ಮನಸ್ಸಿನಲ್ಲೋ ಎಂಬ ಈ ಪ್ರಶ್ನೆಯನ್ನು ಸಿಂಗರ್ ಅವರ ಎದುರಿಗಿಟ್ಟು ಕನ್ನಡದಲ್ಲೇ ಪಾಠ ಮಾಡಿದರೆ ನಮ್ಮ ವಿದ್ಯಾರ್ಥಿಗಳು ಎಷ್ಟು ಚೆನ್ನಾಗಿ ವಾದಿಸಬಲ್ಲರೆಂಬುದನ್ನು ತರಗತಿಯಲ್ಲಿ ಕಂಡಿದ್ದೇನೆ.

ಜಯಂತಿಯ ದಿನ ಒಂದು ಉಪನ್ಯಾಸ ಏರ್ಪಡಿಸಿ ಸುಮ್ಮನಾಗುವ ಅಧ್ಯಯನ ಪೀಠವನ್ನು ನಾನು ಕೇಳುತ್ತಿಲ್ಲ. ಮೊದಲಿಗೆ ಮೂವರು ಸಾಕು: ತತ್ತ್ವಶಾಸ್ತ್ರ, ಕಾನೂನು ಮತ್ತು ಪ್ರಾಣಿವರ್ತನೆ ಬಲ್ಲ ತಲಾ ಒಬ್ಬರು, ಅತಿಥಿ ಉಪನ್ಯಾಸಕರಾಗಿ ಅಲ್ಲ, ಕಾಯಂ ಹುದ್ದೆಯಲ್ಲಿ. ಅವರ ಸಂಬಳ ಹಾಲು ಒಕ್ಕೂಟದಿಂದಾಗಲಿ, ಔಷಧ ಕಂಪನಿಯಿಂದಾಗಲಿ, ಪ್ರಾಣಿದಯಾ ಸಂಘದಿಂದಾಗಲಿ ಬರದೆ ಸರ್ಕಾರದಿಂದಲೇ ಬರಬೇಕು; ಇಲ್ಲವಾದರೆ ಅವರ ಮಾತನ್ನು ಯಾರೂ ನಂಬುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಇದನ್ನು ಒಂದು ಪಠ್ಯವಿಷಯವಾಗಿ ಓದುವಂತಾಗಬೇಕು.

ಮುಂದಿನ ಆಯವ್ಯಯಕ್ಕೆ ತಮ್ಮ ಇಲಾಖೆಯ ಪ್ರಸ್ತಾವಗಳು ಸಿದ್ಧವಾಗುವ ಮೊದಲು ಈ ವಿಷಯವನ್ನು ವಿಶ್ವವಿದ್ಯಾಲಯಗಳ ಕುಲಪತಿಗಳ ಸಭೆಯ ಮುಂದಿಡಬೇಕೆಂದು ಪ್ರಾರ್ಥಿಸುತ್ತೇನೆ. ಪಠ್ಯಕ್ರಮದ ಕರಡು ತಯಾರಿಸುವ ಕೆಲಸಕ್ಕೆ ಯಾವ ಸಂಭಾವನೆಯೂ ಇಲ್ಲದೆ ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತತ್ತ್ವಶಾಸ್ತ್ರ ಅಧ್ಯಾಪಕ,
ಬೆಂಗಳೂರು